ಮಲೆಸೀಮೆಗೆ ತಕ್ಕ ಕರಿಮಸಿ

ಮಸಿಯ ಕಪ್ಪನ್ನು ಸೀಸೆಯಲ್ಲಿ ನೋಡಿ ನಿರ್ಣಯಿಸುವವರು ಬಹುಮಂದಿ; ಬರೆದ ಮರುಕ್ಷಣದಲ್ಲಿ ಹಾಳೆಯ ಮೇಲೆ ನೋಡಿ ನಿರ್ಣಯಿಸುವವರು ಅವರಿಗಿಂತ ಕೊಂಚ ವಿವೇಕಿಗಳು; ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮಲೆಸೀಮೆಯಲ್ಲಿ, ಆಷಾಢ ಶ್ರಾವಣಗಳೆರಡೂ ಸುರಿದು ಮುಗಿದ ಮೇಲೆ ಪೆಟ್ಟಿಗೆಯಿಂದ ಹೊರತೆಗೆದ ಹಾಳೆಯಲ್ಲಿ ಅಕ್ಷರವು ಯಾವ ಸ್ಥಿತಿಯಲ್ಲಿ ಉಳಿದಿದೆಯೆಂಬುದನ್ನು ಕಂಡ ಹೊರತು ಯಾವ ಮಸಿಯನ್ನೂ ಗಾಢ ಕಪ್ಪೆಂದು ಕರೆಯಲಾಗದು. ಶೃಂಗೇರಿಗೆ ಸಮೀಪದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಮಿಕ್ಕಿದ್ದು. ಇಂಥ ಕಡೆ ಕಾಗದವು ಗಾಳಿಯ ತೇವವನ್ನು ಹೀರಿ ಮೆತ್ತಗಾಗುತ್ತದೆ. ಅದರ ಮೈಗೆ ಗಿರಣಿಯಲ್ಲಿ ಹಚ್ಚಿದ ಅಂಟಿನ ಲೇಪವು ಸಾಲದಾದರೆ ಅಕ್ಷರದ ಅಂಚು ಕವಲೊಡೆದು ಹರಡುತ್ತದೆ. ಬಯಲುಸೀಮೆಯಲ್ಲಿ ಕ್ಷಣಮಾತ್ರದಲ್ಲಿ ಆರುವ ಸಾಲು ಇಲ್ಲಿ ಅಂಗೈಗೆ ಅಂಟಿಕೊಂಡು ಬರುತ್ತದೆ.

ಇಂಕ್ ಪೆನ್ನಿಗೆ ದೊರೆಯುವ ಕಪ್ಪು ಮಸಿಗಳಲ್ಲಿ ಬಹುಪಾಲು ನೀರಿನಲ್ಲಿ ಕರಗಿದ ಬಣ್ಣಗಳು. ಪಾರ್ಕರ್ ಕಂಪನಿಯ ಕ್ವಿಂಕ್ ಮಾರುಕಟ್ಟೆಗೆ ಬಂದುದೂ, ಮುಂಬಯಿಯಲ್ಲಿ ದಾಂಡೇಕರರು ಮುಂದೆ ಕ್ಯಾಮ್ಲಿನ್ ಎಂದು ಪ್ರಸಿದ್ಧವಾದ ಉದ್ಯಮವನ್ನು ಆರಂಭಿಸಿದುದೂ 1931ರಲ್ಲಿಯೆ. ಸ್ವದೇಶಿಯ ಉತ್ಸಾಹದಲ್ಲಿ ಬಂಗಾಳದ ಸುಲೇಖಾ ಮಸಿ ಹುಟ್ಟಿದುದು ಅದಾದ ಮೂರು ವರ್ಷಕ್ಕೆ. ನಮ್ಮ ಶಾಲೆಗಳೂ ಕಚೇರಿಗಳೂ ಈ ಜಾತಿಯ ಮಸಿಯಿಂದಲೇ ಬರೆದು ಬೆಳೆದವು. ಆ ಉಪಕಾರವನ್ನು ಮರೆಯಬಾರದು. ನಿಬ್ಬಿನಿಂದ ಸರಾಗವಾಗಿ ಇಳಿಯುವುದು, ಪೆನ್ನಿನಲ್ಲಿ ಒಣಗಿದರೂ ನೀರಿಗೆ ಬಿಟ್ಟುಕೊಡುವುದು, ಬೆಲೆಯಲ್ಲಿ ಬಡವನಿಗೂ ಎಟಕುವುದು, ಇವು ಅದರ ನಿಜವಾದ ಗುಣಗಳು. ಆದರೆ ಅದರ ಕಪ್ಪು ಒಂದೇ ವರ್ಣವಲ್ಲ, ಹಲವು ವರ್ಣಗಳ ಒಪ್ಪಂದ. ಒಂದು ಹನಿಯನ್ನು ಒತ್ತುಕಾಗದದ ಮೇಲಿಟ್ಟು ಪಕ್ಕದಲ್ಲಿ ನೀರು ತೊಟ್ಟಿಕ್ಕಿದರೆ ನೀಲಿ, ನೇರಳೆ, ಕಂದು ಬಳೆಗಳು ಒಂದೊಂದಾಗಿ ಅಗಲುವುದನ್ನು ಯಾರು ಬೇಕಾದರೂ ಕಾಣಬಹುದು. ಮಾಡಿನಿಂದ ಸೋರಿದ ನೀರು ಮನೆಯ ಲೆಕ್ಕದ ಪುಸ್ತಕದ ಮೇಲೆ ಮಾಡುವುದೂ ಇದನ್ನೇ. ಈ ದೋಷವನ್ನು ಮುಚ್ಚಲು ಬಣ್ಣವನ್ನು ಅತಿಯಾಗಿ ತುಂಬಿ ಮಾಡುವ ಮಸಿಗಳನ್ನು ಕೆಲವರು ಹೊಗಳುತ್ತಾರೆ. ನಾನು ಹೊಗಳಲಾರೆ, ಅಂಥ ಮಸಿ ಈ ಸೀಮೆಯ ಜುಲೈ ತಿಂಗಳಿನಲ್ಲಿ ಕಾಗದದ ಮೇಲೆ ಆರದೆ ನಿಲ್ಲುತ್ತದೆ.

ಎರಡನೆಯ ಜಾತಿಯದನ್ನು ಕೊಪ್ಪದ ಅಡಿಕೆ ಬೆಳೆಗಾರರಿಗೆ ವಿವರಿಸಬೇಕಾದ ಅಗತ್ಯವೇ ಇಲ್ಲ. ಸುಗ್ಗಿಯ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುವವರ ಬೆರಳುಗಳು ಕಪ್ಪಾಗುತ್ತವೆ. ಎಷ್ಟು ತೊಳೆದರೂ ಆ ಕಪ್ಪು ದಿನಗಟ್ಟಲೆ ಬಿಡದು. ಅಡಿಕೆಯ ಚೊಗರಿನಲ್ಲಿರುವ ಕಷಾಯಸತ್ತ್ವವು ಕಬ್ಬಿಣವನ್ನು ಸೋಂಕಿ ಕರ್ರಗಾಗುವ ಈ ವ್ಯಾಪಾರವನ್ನೇ ಅಳಲೆಕಾಯಿಯಂಥ ಒಗರು ವಸ್ತುವಿನಿಂದಲೂ ಅನ್ನಭೇದಿಯೆಂಬ ಕಬ್ಬಿಣದ ಲವಣದಿಂದಲೂ ಸಾಧಿಸಿದರೆ ಕಬ್ಬಿಣದ ಮಸಿಯಾಗುತ್ತದೆ. ಬರೆಯುವಾಗ ಮಾಸಲಾಗಿದ್ದು, ಗಾಳಿ ತಗಲಿದಂತೆಲ್ಲ ಕಪ್ಪೇರುವ ಅದರ ಸ್ವಭಾವ ಮನೋಹರವಾದುದು. ನೀರಿಗೂ ಅದು ಸುಲಭವಾಗಿ ಮಣಿಯದು. ಯುರೋಪಿನ ಶತಮಾನಗಳ ದಸ್ತಾವೇಜುಗಳಲ್ಲಿ ಬಹುಪಾಲು ಇದರವು. ಆದರೆ ಈ ಮಸಿಯ ಗರ್ಭದಲ್ಲಿ ಆಮ್ಲವಿದೆ. ತೇವವು ಸೇರಿದಷ್ಟೂ ಅದು ಚುರುಕಾಗಿ ಕಾಗದವನ್ನು ತಿನ್ನುತ್ತದೆ. ಜರ್ಮನಿಯ ಸಂಗೀತಾಚಾರ್ಯ ಬಾಖ್ ಸ್ವಹಸ್ತದಿಂದ ಬರೆದ ಹಾಳೆಗಳು ಇದೇ ಕಾರಣದಿಂದ ಸ್ವರಚಿಹ್ನೆಗಳಿದ್ದಲ್ಲೇ ತೂತುಬಿದ್ದು, ಅವುಗಳನ್ನು ಉಳಿಸಲು ಬರ್ಲಿನ್ನಿನ ಗ್ರಂಥಾಲಯದವರು ಮಹತ್ತರವಾದ ಪರಿಶ್ರಮ ಪಡಬೇಕಾಯಿತು. ಇಂಕ್ ಪೆನ್ನಿಗೆಂದು ಇಂದು ತಯಾರಾಗುವ ಕಬ್ಬಿಣದ ಮಸಿ ಹಿಂದಿನದಕ್ಕಿಂತ ಸೌಮ್ಯವಾದುದೆಂಬುದು ದಿಟ. ಆದರೂ ವರ್ಷದ ನಾಲ್ಕು ತಿಂಗಳು ಗೋಡೆಯೇ ಬೆವರುವ ಸೀಮೆಯಲ್ಲಿ, ಮೊಮ್ಮಕ್ಕಳು ಓದಬೇಕಾದ ಬರೆಹಕ್ಕೆ ಅದನ್ನು ನಾನು ಸೂಚಿಸಲಾರೆನು.

ಉಳಿದುದು ಇಂಗಾಲ. ನಮ್ಮ ಪೂರ್ವಿಕರು ಕಪ್ಪೆಂದು ಬಲ್ಲುದು ಮುಖ್ಯವಾಗಿ ಇದನ್ನೇ. ದೀಪದ ಕಾಡಿಗೆಯನ್ನು ಸಂಗ್ರಹಿಸಿ, ಮರದ ಅಂಟಿನೊಡನೆ ಬಹುಕಾಲ ಅರೆದು ಮಸಿಯನ್ನು ಸಿದ್ಧಪಡಿಸುತ್ತಿದ್ದರು. ತಾಳೆಗರಿಯ ಮೇಲೆ ಕಂಟದಿಂದ ಕೊರೆದ ಗೆರೆಗಳಿಗೆ ತುಂಬುತ್ತಿದ್ದುದೂ ಕಾಡಿಗೆಯೇ. ಶೃಂಗೇರಿಯ ಮಠದಲ್ಲಿ ರಕ್ಷಿತವಾಗಿರುವ ಕಡತಗಳಲ್ಲಂತೂ ಕಪ್ಪು ಅಕ್ಷರವಾಗದೆ ಆಧಾರವೇ ಆಗಿದೆ: ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಬೆಳ್ಳಗೆ ಬರೆಯುವ ಕ್ರಮ ಅದು. 1791ರಲ್ಲಿ ಮರಾಠಾ ಸೈನ್ಯವು ಆ ಮಠದ ಮೇಲೆ ನಡೆಸಿದ ದಾಳಿಯ ತರುವಾಯ ಟಿಪ್ಪು ಸುಲ್ತಾನನು ಅಲ್ಲಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಯಿಸಿ ಕಳುಹಿಸಿದ ಪತ್ರಗಳು ಮೈಸೂರಿನ ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರ ಗಮನಕ್ಕೆ ಬಂದುದು 1916ರಲ್ಲಿ. ಒಂದೂಕಾಲು ಶತಮಾನದ ತುಂಗಾತೀರದ ಮಳೆಗಾಲಗಳನ್ನು ಕಳೆದ ಮೇಲೂ ಅವು ಓದಲು ಬಂದವು. ಮಠದವರ ಪಾಲನೆಯೇ ಇದಕ್ಕೆ ಪ್ರಥಮ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಳಕಿಗೆ ಮಂಕಾಗದ, ನೀರಿಗೆ ಕರಗದ, ಕಾಗದವನ್ನು ಕೊರೆಯದ ವಸ್ತು ಇಂಗಾಲವೆಂಬುದೂ ಅಷ್ಟೇ ಸತ್ಯ.

ಹಾಗೆಂದು ಕಾಡಿಗೆಯ ಮಸಿಯನ್ನಾಗಲಿ, ಚಿತ್ರಕಾರರು ಬಳಸುವ ಅರಗು ಬೆರೆತ ಇಂಡಿಯನ್ ಇಂಕನ್ನಾಗಲಿ ಇಂಕ್ ಪೆನ್ನಿಗೆ ಸುರಿಯುವುದು ಪೆನ್ನಿನ ವಧೆಯೇ ಸರಿ. ನಿಬ್ಬಿನ ಕೆಳಗಿನ ನಾಲಗೆಯ ಸೂಕ್ಷ್ಮನಾಳಗಳು ಅದರಿಂದ ಶಾಶ್ವತವಾಗಿ ಕಟ್ಟಿಹೋಗುತ್ತವೆ. ಕಾಡಿಗೆಯ ಗುಣವನ್ನೂ ಇಂಕ್ ಪೆನ್ನಿನ ಸೌಕರ್ಯವನ್ನೂ ಒಂದುಗೂಡಿಸಿದ ಕೀರ್ತಿ ಜಪಾನಿನವರದು. ಪ್ಲಾಟಿನಂ ಸಂಸ್ಥೆಯ ಕಾರ್ಬನ್ ಇಂಕ್, ಸೈಲರ್ ಸಂಸ್ಥೆಯ ಕಿವಗುರೊ, ಇವೆರಡರಲ್ಲಿಯೂ ವರ್ಣಕಣಗಳನ್ನು ನಾಲಗೆಯ ನಾಳದಲ್ಲಿ ನಿಲ್ಲದಷ್ಟು ನುಣ್ಣಗೆ ಮಾಡಿ ನೀರಿನಲ್ಲಿ ತೇಲಿಸಿದ್ದಾರೆ. ಆರಿದ ಬಳಿಕ ಇವುಗಳ ಸಾಲಿನ ಮೇಲೆ ನೀರು ಚೆಲ್ಲಿದರೆ ನೀರು ನೀರಾಗಿಯೇ ಹರಿದುಹೋಗುತ್ತದೆ. ಕಪ್ಪಿನ ಸಾಂದ್ರತೆಯಲ್ಲಿ ಪ್ಲಾಟಿನಮ್ಮಿನದು ಒಂದು ತೂಕ ಹೆಚ್ಚೆಂದೂ, ಹರಿವಿನ ನಯದಲ್ಲಿ ಕಿವಗುರೊ ಮೇಲೆಂದೂ ನನ್ನ ಅಭಿಪ್ರಾಯ. ಬೆಲೆ ನಮ್ಮ ಅಂಗಡಿಗಳ ಸಾಧಾರಣ ಮಸಿಗಿಂತ ಹಲವು ಪಟ್ಟು. ಇದು ಸಣ್ಣ ಆಕ್ಷೇಪವಲ್ಲ. ಜೊತೆಗೆ, ಇಂಥ ಮಸಿ ತುಂಬಿದ ಪೆನ್ನನ್ನು ಪ್ರತಿದಿನವೂ ನಡೆಸಬೇಕು, ತಿಂಗಳಿಗೊಮ್ಮೆಯಾದರೂ ತೊಳೆಯಬೇಕು, ಮುಚ್ಚಳ ತೆರೆದಿಡಬಾರದು.

ಕಾಗದದ ಮಾತನ್ನು ಬಿಡಲಾಗದು. ನರಸಿಂಹರಾಜಪುರಕ್ಕೆ ನೆರೆಯ ಭದ್ರಾವತಿಯಲ್ಲಿ 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪಿತವಾದ ಮೇಲೆ ಮಲೆನಾಡಿನ ಬಿದಿರು ಬರೆಯುವ ಹಾಳೆಯಾಗತೊಡಗಿತು. ಬಿಗಿಯಾದ ಮೈಯ ಹಾಳೆಯ ಮೇಲೆ ಸಾಧಾರಣ ಮಸಿಯೂ ಗಂಭೀರವಾಗಿ ಕಾಣುವುದುಂಟು, ಸಡಿಲ ಹಾಳೆಯ ಮೇಲೆ ಶ್ರೇಷ್ಠ ಮಸಿಯೂ ಬೂದಿಬಣ್ಣಕ್ಕೆ ಇಳಿಯುವುದುಂಟು.

ಹೀಗಿರುವುದರಿಂದ ವಿದ್ಯಾರ್ಥಿಯ ಅಭ್ಯಾಸಕ್ಕೂ ದಿನದ ಪತ್ರವ್ಯವಹಾರಕ್ಕೂ ಅಂಗಡಿಯಲ್ಲಿ ಸಿಗುವ ಕರಗುಮಸಿಯೇ ಸಾಕು. ಅದರಲ್ಲಿ ಅತಿಗಾಢವಾದುದನ್ನಲ್ಲ, ಬೇಗ ಆರುವುದನ್ನು ಆರಿಸಿಕೊಳ್ಳಿರಿ. ವಿಭಾಗಪತ್ರ, ಉಯಿಲು, ತೋಟದ ಗಡಿಯ ಕರಾರು, ಹಿರಿಯರ ನೆನಪಿನಿಂದ ಬರೆದಿಟ್ಟ ವಂಶಾವಳಿ, ಇಂಥವಕ್ಕೆ ಇಂಗಾಲದ ಮಸಿಯ ಒಂದು ಸೀಸೆಯನ್ನು ಪ್ರತ್ಯೇಕವಾಗಿ ತಂದಿಟ್ಟುಕೊಳ್ಳಿರಿ. ಒಬ್ಬರಿಗೆ ದುಬಾರಿಯಾದರೆ ನಾಲ್ಕು ಮನೆಯವರು ಕೂಡಿ ಕೊಳ್ಳಬಹುದು.