ಆಂದೋಲನ: ಪದದ ಬಳಕೆಯಲ್ಲಿ ಎಚ್ಚರ

ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ವಿದ್ಯಾರ್ಥಿಗೆ 'ಆಂದೋಲನ' ಹೊಸ ಪದವಲ್ಲ. ರಾಜಶೇಖರ ಕೋಟಿ ಅವರು 1972ರಲ್ಲಿ ಆರಂಭಿಸಿದ, ಮೈಸೂರಿನಿಂದ ಹೊರಡುವ ದಿನಪತ್ರಿಕೆಯ ಹೆಸರೇ ಅದು. ಪೋಲಿಯೊ ಲಸಿಕೆ, ಸಾಕ್ಷರತೆ, ಸ್ವಚ್ಛತೆ ಎಲ್ಲಕ್ಕೂ ಆಂದೋಲನಗಳುಂಟು. ಹೀಗಿರುವಾಗ ಭೌತವಿಜ್ಞಾನದ ತರಗತಿಯಲ್ಲಿ 'ಲೋಲಕದ ಆಂದೋಲನ' ಎಂದರೆ ವಿದ್ಯಾರ್ಥಿಯ ಮನಸ್ಸಿಗೆ ಮೊದಲು ಮೆರವಣಿಗೆ ಬಂದರೆ ಆಶ್ಚರ್ಯವಿಲ್ಲ.

ಈ ಪದದ ಮೂಲಾರ್ಥ ತೂಗಾಟ. ಸಂಸ್ಕೃತದಲ್ಲಿ 'ದೋಲಾ' ಎಂದರೆ ಉಯ್ಯಾಲೆ. 13ನೇ ಶತಮಾನದ 'ಸಂಗೀತ ರತ್ನಾಕರ'ದಲ್ಲಿ ಶಾರ್ಙ್ಗದೇವ ಹೆಸರಿಸುವ ಗಮಕಗಳಲ್ಲಿ 'ಆಂದೋಲಿತ'ವೂ ಒಂದು; ಅಲ್ಲಿ ತೂಗುವುದು ಸ್ವರ. ವಿಜ್ಞಾನ ಉಳಿಸಿಕೊಂಡಿರುವುದು ಈ ಹಳೆಯ ಅರ್ಥವನ್ನೇ.

ಆದರೆ 'ಹಿಂದಕ್ಕೂ ಮುಂದಕ್ಕೂ ಚಲಿಸುವುದೇ ಆಂದೋಲನ' ಎಂದು ಹೇಳಿ ಮುಂದೆ ಹೋಗುವ ರೂಢಿ ಸರಿಯಲ್ಲ. ಕೋಟೆಯಿಂದ ಮೈಸೂರಿಗೆ ದಿನವೂ ಹೋಗಿಬರುವ ಬಸ್ಸಿನದೂ ಹಿಂದುಮುಂದಿನ ಚಲನೆಯೇ. ಕಬಿನಿ ಜಲಾಶಯದ ನೀರೂ ಮಳೆಗಾಲದಲ್ಲಿ ಏರಿ ಬೇಸಗೆಯಲ್ಲಿ ಇಳಿಯುತ್ತದೆ. ಯಂತ್ರಶಾಸ್ತ್ರದ ಅರ್ಥದಲ್ಲಿ ಇವೆರಡೂ ಆಂದೋಲನಗಳಲ್ಲ. ಬಸ್ಸನ್ನಾಗಲಿ ನೀರಿನ ಮಟ್ಟವನ್ನಾಗಲಿ ಒಂದು ಮಧ್ಯಸ್ಥಾನದತ್ತ ಸೆಳೆಯುವ ಬಲವಿಲ್ಲ. ಉಯ್ಯಾಲೆಯನ್ನು ನೋಡಿ: ಅದಕ್ಕೊಂದು ಸಮತೋಲನ ಸ್ಥಾನವಿದೆ, ಸರಿದಾಗ ಅದರತ್ತ ಎಳೆಯುವ ಪುನಃಸ್ಥಾಪಕ ಬಲವಿದೆ, ಅಲ್ಲಿ ನಿಲ್ಲಗೊಡದೆ ಆಚೆಗೆ ಒಯ್ಯುವ ಜಡತ್ವವಿದೆ. ಈ ಮೂರನ್ನೂ ಹೇಳಿದರೆ ಮಾತ್ರ ವಿವರಣೆ ಪೂರ್ಣ. ತಂತಿ, ಶ್ರುತಿಕವೆಗಳ ವಿಷಯದಲ್ಲಿ 'ಕಂಪನ' ಎನ್ನುವುದು ವಾಡಿಕೆ, ತತ್ತ್ವ ಒಂದೇ.

ಇದು ಬರಿಯ ಪದಗಳ ಚರ್ಚೆಯಲ್ಲ. 'ಒಂದು ಆಂದೋಲನ' ಎಂದರೆ ಎಷ್ಟು? ಗುಂಡು ಒಂದು ತುದಿಯಿಂದ ಹೊರಟು, ಇನ್ನೊಂದು ತುದಿ ಮುಟ್ಟಿ, ಮತ್ತೆ ಮೊದಲ ತುದಿಗೆ ಬರುವವರೆಗಿನ ಪೂರ್ಣ ಚಲನೆ. ಒಂದು ತುದಿಯಿಂದ ಇನ್ನೊಂದಕ್ಕೆ ಹೋದದ್ದನ್ನೇ ಒಂದೆಂದು ಎಣಿಸಿದರೆ ಅವಧಿ ಅರ್ಧವಾಗುತ್ತದೆ. ಸೂತ್ರದಲ್ಲಿ ಅವಧಿಯ ವರ್ಗ ಛೇದದಲ್ಲಿರುವುದರಿಂದ ಗುರುತ್ವ ವೇಗೋತ್ಕರ್ಷ ನಾಲ್ಕು ಪಟ್ಟಾಗುತ್ತದೆ, 9.8ರ ಬದಲು ಸುಮಾರು 39 ಬರುತ್ತದೆ! ಸೂತ್ರ, ಗಣಿತ, ಗಡಿಯಾರ ಎಲ್ಲವೂ ಸರಿ. ತಪ್ಪಿದ್ದು ಪದದ ಅರ್ಥ.

ಪತ್ರಿಕೆಗಳೂ ಸಂಘಟನೆಗಳೂ ಈ ಪದವನ್ನು ಬಳಸಬಾರದೆನ್ನುವುದು ಸಲ್ಲದು. ಭಾಷೆಯಲ್ಲಿ ಪದಗಳು ಬೆಳೆಯುತ್ತವೆ. ಎರಡು ಅರ್ಥಗಳ ನಡುವಿನ ಗೆರೆಯನ್ನು ತರಗತಿಯಲ್ಲಿ ಎಳೆಯುವ ಹೊಣೆ ಶಿಕ್ಷಕರದು. ಚಳವಳಿ ಹೊರಟಲ್ಲಿಗೇ ಮರಳಿದರೆ ಅದು ಸೋತಂತೆ. ಲೋಲಕ ಮರಳದಿದ್ದರೆ ಅದು ಆಂದೋಲನವೇ ಅಲ್ಲ. ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುವ ಮೊದಲು 1 ಮೀಟರ್ ಉದ್ದದ ಲೋಲಕವೊಂದನ್ನು ತೂಗುಹಾಕಿ, ಸಣ್ಣ ಪಾರದ 20 ಆಂದೋಲನಗಳನ್ನು ಮಕ್ಕಳಿಂದಲೇ ಎಣಿಸಿ. ಸುಮಾರು 40 ಸೆಕೆಂಡು ಬಂದರೆ ಪದ ಅರ್ಥವಾಗಿದೆ ಎಂದು ತಿಳಿಯಬಹುದು.