ಟಾಸ್ಕೊ ಬೆಳ್ಳಿ ಮತ್ತು ಮುದ್ರೆಯ ಮೋಹ

ಮೆಕ್ಸಿಕೊದ ಹಳೆಯ ಬೆಳ್ಳಿ ಒಡವೆ ಸಂಗ್ರಹಿಸುವವರ ಕೈಗೆ ಒಂದು ಕಡಗ ಕೊಡಿ. ಅದರ ಅಂದ ನೋಡುವ ಮೊದಲೇ ಮಗುಚಿ ಹಿಡಿಯುತ್ತಾರೆ. ಜೇಬಿನಿಂದ ಭೂತಗನ್ನಡಿ ಹೊರಬರುತ್ತದೆ. ಒಳಮೈಯಲ್ಲಿ ಒತ್ತಿರುವ ಅಕ್ಷರವೇನು, ಅಂಕಿ ಎಷ್ಟು, ಹದ್ದಿನ ಗುರುತು ಇದೆಯೋ ಇಲ್ಲವೋ ಎಂಬುದು ಗೊತ್ತಾಗುವವರೆಗೆ ಅವರ ಮಟ್ಟಿಗೆ ಅದಿನ್ನೂ ಬರೀ ಬೆಳ್ಳಿ. ಹೆಸರು ಸಿಕ್ಕರೆ ಬೆಲೆ ಜಿಗಿಯುತ್ತದೆ, ಸಿಗದಿದ್ದರೆ ವಸ್ತು ಮರಳಿ ತಟ್ಟೆಗೆ ಬೀಳುತ್ತದೆ. ಒಡವೆಯ ಬೆನ್ನು ನೋಡುವುದು ಒಳ್ಳೆಯ ಅಭ್ಯಾಸವೇ. ಆದರೆ ಅಲ್ಲಿ ಅಕ್ಷರವನ್ನಷ್ಟೇ ಹುಡುಕಿ ಕೆಲಸವನ್ನು ನೋಡದೇ ಬಿಡುವುದರಿಂದ ಈ ಹವ್ಯಾಸ ತನ್ನ ಅರ್ಧ ಫಲವನ್ನು ತಾನೇ ಕಳೆದುಕೊಂಡಿದೆ ಎನ್ನುವುದು ನನ್ನ ತಕರಾರು.

ಇವರು ‘ವಿಂಟೇಜ್ ಮೆಕ್ಸಿಕನ್’ ಎಂದಾಗ ಬಹುಪಾಲು ಟಾಸ್ಕೊ ಎಂದೇ ತಿಳಿಯಬೇಕು. ಮೆಕ್ಸಿಕೊ ನಗರದಿಂದ ಅಕಾಪುಲ್ಕೊ ಕಡಲತೀರಕ್ಕೆ ಹೋಗುವ ದಾರಿಯಲ್ಲಿ, ಗೆರೆರೊ ರಾಜ್ಯದ ಗುಡ್ಡದ ಇಳಿಜಾರಿನಲ್ಲಿರುವ ಊರು. ಸ್ಪೇನಿನವರು 16ನೇ ಶತಮಾನದಲ್ಲೇ ಇಲ್ಲಿ ಗಣಿ ತೋಡಿದರು. ಹೋಸೆ ದೆ ಲಾ ಬೋರ್ದಾ ಎಂಬ ಗಣಿಧಣಿ ಬೆಳ್ಳಿಯಲ್ಲಿ ಗಳಿಸಿದ ದುಡ್ಡಿನಿಂದ 1751ರಿಂದ 1758ರವರೆಗೆ ಕಟ್ಟಿಸಿದ ಸಾಂತಾ ಪ್ರಿಸ್ಕಾ ಚರ್ಚು ಈಗಲೂ ಊರಿನ ನೆತ್ತಿಯಂತೆ ನಿಂತಿದೆ. ಆದರೆ ಬೆಳ್ಳಿ ಬಗೆದ ಊರು ಒಡವೆಯ ಊರೇನೂ ಆಗಿರಲಿಲ್ಲ. ನೆಲದಿಂದ ಬಂದದ್ದು ಹೊರಗೆ ಹೋಗುತ್ತಿತ್ತು, ಅಷ್ಟೆ. 1927ರ ಸುಮಾರಿಗೆ ಮೋಟಾರು ರಸ್ತೆ ಬಂದಮೇಲೆ ಅಮೆರಿಕದ ಪ್ರವಾಸಿಗಳು ಬರತೊಡಗಿದರು. ಅವರ ಹಿಂದೆಯೇ 1929ರಲ್ಲಿ ವಿಲಿಯಂ ಸ್ಪ್ರಾಟ್ಲಿಂಗ್ ಬಂದು ನೆಲೆಸಿದ.

ಈತ ನ್ಯೂ ಆರ್ಲಿಯನ್ಸಿನ ಟುಲೇನ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪದ ಮೇಷ್ಟ್ರು, ವಿಲಿಯಂ ಫಾಕ್ನರನ ಗೆಳೆಯ. ಮೆಕ್ಸಿಕೊಕ್ಕೆ ಬಂದಮೇಲೆ ಚಿತ್ರಕಾರ ಡಿಯೆಗೊ ರಿವೇರಾನ ಒಡನಾಡಿ. ಶತಮಾನಗಟ್ಟಲೆ ಬೆಳ್ಳಿ ತೆಗೆದ ಊರಿನಲ್ಲಿ ಬೆಳ್ಳಿಯ ಕಸುಬೇ ಇಲ್ಲವಲ್ಲ ಎಂದು ಅಮೆರಿಕದ ರಾಯಭಾರಿ ಡ್ವೈಟ್ ಮಾರೋ ಇವನ ತಲೆಗೆ ಹುಳ ಬಿಟ್ಟ ಎನ್ನುವ ಕತೆಯನ್ನು ಎಲ್ಲರೂ ಹೇಳುತ್ತಾರೆ. 1931ರಲ್ಲಿ ಪಕ್ಕದ ಇಗ್ವಾಲಾ ಊರಿನಿಂದ ಆರ್ತೇಮಿಯೊ ನವಾರೆತೆ ಎಂಬ ಅಕ್ಕಸಾಲಿಗನನ್ನು ಕರೆತಂದು ‘ಲಾಸ್ ದೆಲಿಸಿಯಾಸ್’ ಎಂಬ ಕಾರ್ಯಾಗಾರ ತೆರೆದ. ಎರಡನೇ ಮಹಾಯುದ್ಧದ ಕಾಲಕ್ಕೆ ಯೂರೋಪಿನ ಒಡವೆ ಅಮೆರಿಕಕ್ಕೆ ಬರುವುದು ನಿಂತಾಗ ಆ ಖಾಲಿ ಜಾಗವನ್ನು ಟಾಸ್ಕೊ ತುಂಬಿತು. ಸ್ಪ್ರಾಟ್ಲಿಂಗನ ಕೈಕೆಳಗೆ ನೂರಾರು ಜನ ದುಡಿಯುತ್ತಿದ್ದರು. ಅಮೆರಿಕದ ದೊಡ್ಡ ದೊಡ್ಡ ಅಂಗಡಿಗಳು ಅವನ ಗಿರಾಕಿಗಳು.

‘ಮೆಕ್ಸಿಕೊ ಬೆಳ್ಳಿಯ ಜನಕ’ ಎಂಬ ಬಿರುದು ಅವನಿಗೆ ಅಂಟಿಕೊಂಡಿದ್ದು ಹೀಗೆ. ಬಿರುದು ಸ್ವಲ್ಪ ಜಾಸ್ತಿಯಾಯಿತು. ಮೆಕ್ಸಿಕೊ ನಗರದಲ್ಲಿ ಫ್ರೆಡ್ ಡೇವಿಸ್ ಎಂಬ ಇನ್ನೊಬ್ಬ ಅಮೆರಿಕದವನು 1920ರ ದಶಕದಲ್ಲೇ ಹಳೆಯ ಮೆಕ್ಸಿಕೊದ ನಮೂನೆಗಳನ್ನು ಬೆಳ್ಳಿಗೆ ಇಳಿಸಿ ಮಾರುತ್ತಿದ್ದ. ಇಗ್ವಾಲಾದ ಅಕ್ಕಸಾಲಿಗರಂತೂ ಯಾರ ಅಪ್ಪಣೆಗೂ ಕಾಯದೆ ತಲೆಮಾರುಗಳಿಂದ ಕಸುಬು ಮಾಡಿಕೊಂಡು ಬಂದವರು. ಅದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ: ಸ್ಪ್ರಾಟ್ಲಿಂಗ್ ಅಕ್ಕಸಾಲಿಗನೇ ಅಲ್ಲ. ನಮೂನೆ ಬರೆಯುತ್ತಿದ್ದ, ಕಲ್ಲು, ಮರ ಆರಿಸುತ್ತಿದ್ದ, ಸರಿಯಾಗದ್ದನ್ನು ಮತ್ತೆ ಮಾಡಿಸುತ್ತಿದ್ದ. ತಗಡು ಬಡಿದು, ಬೆಸೆದು, ಅರ ಉಜ್ಜಿ ಅದನ್ನು ಒಡವೆಯಾಗಿಸಿದ್ದು ‘ಮಾಯೆಸ್ತ್ರೊ’ ಎಂದು ಕರೆಸಿಕೊಳ್ಳುತ್ತಿದ್ದ ಹಿರಿಯ ಕೆಲಸಗಾರರು. ಅವರ ಕೈಕೆಳಗೆ, ಗುಡಿಸುವುದರಿಂದ ಕಸುಬು ಶುರುಮಾಡಿದ ಊರ ಹುಡುಗರು. ಅದನ್ನು ಅವನೇನೂ ಮುಚ್ಚಿಡಲಿಲ್ಲ. ಕೆಲಸ ಕಲಿತವರು ಹೊರಗೆ ಹೋಗಿ ತಮ್ಮದೇ ಅಂಗಡಿ ಹಾಕಿದಾಗ ಅಡ್ಡಗಾಲೂ ಹಾಕಲಿಲ್ಲ. ಆಂಟೋನಿಯೊ ಕಾಸ್ತಿಯೊ ಮತ್ತು ಸಹೋದರರ ‘ಲೋಸ್ ಕಾಸ್ತಿಯೊ’, ಎಕ್ತೋರ್ ಆಗಿಲಾರನ ‘ತಾಯೆರ್ ಬೋರ್ದಾ’ ಎರಡೂ 1939ರಲ್ಲಿ ತೆರೆದವು. ಇಬ್ಬರೂ ಅವನ ಗರಡಿಯವರೇ.

ಆದರೆ ಹರಾಜಿನ ಪಟ್ಟಿಗಳನ್ನು ಓದಿದರೆ ಈ ಕೈಗಳ ಸುಳಿವೇ ಸಿಗುವುದಿಲ್ಲ. ‘ಸ್ಪ್ರಾಟ್ಲಿಂಗ್, 1940ರ ದಶಕ, ಬೆಳ್ಳಿ ಮತ್ತು ಅಮೆಥಿಸ್ಟ್’ ಎಂಬಲ್ಲಿಗೆ ಮುಗಿಯಿತು. ಚಿತ್ರಕಲೆಯ ಮಾರುಕಟ್ಟೆಯಿಂದ ಎರವಲು ತಂದ ಈ ಸಹಿ ಹುಡುಕುವ ಚಟ ಕಾರ್ಯಾಗಾರದ ಕಸುಬಿಗೆ ಹೊಂದುವುದಿಲ್ಲ. ಎಷ್ಟು ಹೊಂದುವುದಿಲ್ಲ ಎಂಬುದು ಒಂದು ಪ್ರಕರಣದಲ್ಲಿ ಬಯಲಾಗುತ್ತದೆ. ಸ್ಪ್ರಾಟ್ಲಿಂಗ್ 1967ರಲ್ಲಿ ಕಾರು ಅಪಘಾತದಲ್ಲಿ ಸತ್ತ. ಟಾಸ್ಕೊ ಎಲ್ ವಿಯೆಹೊದಲ್ಲಿದ್ದ ಅವನ ತೋಟದ ಕಾರ್ಯಾಗಾರ ಮುಂದಿನವರ ಕೈಗೆ ಹೋಗಿ, ಅವನದೇ ನಮೂನೆಗಳ ಮೇಲೆ ಕೆಲಸ ನಡೆದೇ ಇತ್ತು. ಮುಂದೆ ಅವುಗಳ ಮೇಲೆ ಟಿ ಎಸ್-24 ಎಂಬ ನೋಂದಣಿ ಗುರುತು ಬಿತ್ತು. ಈ ಒಡವೆಗಳನ್ನು ಕಂಡರೆ ಹಳೆಯ ಸಂಗ್ರಾಹಕರು ಮೂಗು ಮುರಿಯುತ್ತಾರೆ. ಅವು ‘ನಿಜವಾದ’ ಸ್ಪ್ರಾಟ್ಲಿಂಗ್ ಅಲ್ಲವಂತೆ.

ಯಾಕಲ್ಲ? ಕೈಕೆಲಸ ಅವನದಲ್ಲ ಎಂದರೆ, 1935ರಲ್ಲೂ ಅವನದಾಗಿರಲಿಲ್ಲ. ಅವನ ಕಣ್ಣೆದುರು ಆಗಲಿಲ್ಲ ಎನ್ನುವುದಾದರೆ ಆ ಮಾತಿಗೆ ತೂಕವಿದೆ: ಸರಿಯಾಗದ್ದನ್ನು ಎತ್ತಿ ಒಗೆಯುವ ಮೇಲ್ವಿಚಾರಕನಿಲ್ಲದಿದ್ದರೆ ಕೆಲಸ ಸಡಿಲವಾಗಬಹುದು. ಸಡಿಲವಾಗಿದೆಯೇ ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ ತೀರ್ಮಾನಿಸಬೇಕು. ಅಂಚು ಎಷ್ಟು ದಪ್ಪ, ಗುಂಡಗಿನ ತಿರುವು ಎಷ್ಟು ನಯ, ಕಲ್ಲು ಕೂತ ಬಗೆ ಹೇಗೆ ಎಂಬುದನ್ನು ಕಣ್ಣೇ ಹೇಳುತ್ತದೆ. ಮಾರುಕಟ್ಟೆ ಮಾತ್ರ ಆ ಕಷ್ಟ ತೆಗೆದುಕೊಳ್ಳದೆ ಗುರುತು ನೋಡಿ ದರ ಕಟ್ಟಿಬಿಡುತ್ತದೆ.

ಹಾಗೆಂದು ಗುರುತುಗಳನ್ನು ಕಲಿಯುವುದೇ ಬೇಡ ಎನ್ನುವಂತಿಲ್ಲ. ಕಾಲ ಗುರುತಿಸಲು ಅವು ನಂಬಿಕೆಯ ಸಾಕ್ಷಿ. 1948ರ ಸುಮಾರಿಗೆ ಮೆಕ್ಸಿಕೊ ಸರ್ಕಾರ ಬೆಳ್ಳಿಯ ಶುದ್ಧತೆಗೆ ಹದ್ದಿನ ಮುದ್ರೆ ಕಡ್ಡಾಯ ಮಾಡಿತು. 1970ರ ದಶಕದ ಕೊನೆಗೆ ಅದು ಹೋಗಿ, ಎರಡು ಅಕ್ಷರ ಮತ್ತು ಅಂಕಿಯ ನೋಂದಣಿ ಬಂತು. ಮೊದಲ ಅಕ್ಷರ ಊರಿನದು. ಹದ್ದಿದ್ದರೆ ನಡುವಿನ ಮೂವತ್ತು ವರ್ಷದ ವಸ್ತು, ಅಕ್ಷರವಿದ್ದರೆ ಆಮೇಲಿನದು ಎಂದು ಸ್ಥೂಲವಾಗಿ ಹೇಳಬಹುದು. ಅಂಕಿಗಳೂ ಮಾತಾಡುತ್ತವೆ. 925 ಎಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಸ್ಪ್ರಾಟ್ಲಿಂಗನ ಹಲವು ಒಡವೆಗಳ ಮೇಲೆ 980 ಇದೆ, ಆಗಿಲಾರನದರ ಮೇಲೆ 940, ಟಾಸ್ಕೊದವನೇ ಆದ ಆಂಟೋನಿಯೊ ಪಿನೇದಾನ ಕಿರೀಟದಾಕಾರದ ಮುದ್ರೆಯ ಪಕ್ಕ 970. ‘ಅಲ್ಪಾಕಾ’ ಎಂದಿದ್ದರೆ ಅದರಲ್ಲಿ ಬೆಳ್ಳಿಯೇ ಇಲ್ಲ. ನಾವು ಜರ್ಮನ್ ಸಿಲ್ವರ್ ಎನ್ನುವ ತಾಮ್ರ, ನಿಕಲ್, ಸತುವಿನ ಮಿಶ್ರಣ ಅದು. ಹದ್ದಿನ ಹೊಟ್ಟೆಯಲ್ಲಿ ಬರೀ 3 ಎಂದಿದ್ದರೆ ಟಾಸ್ಕೊ ಊರಿನದು ಎಂದಷ್ಟೇ ಅರ್ಥ. ಅದನ್ನೇ ದೊಡ್ಡ ಹೆಸರಿನ ಗುರುತೆಂಬಂತೆ ಮಾರುವವರಿದ್ದಾರೆ, ಕೊಳ್ಳುವವರೂ ಇದ್ದಾರೆ.

ಖೋಟಾ ಕೆಲಸಕ್ಕೂ ದಾರಿಯಾಗಿರುವುದು ಈ ಮುದ್ರೆಯ ಭಕ್ತಿಯೇ. ಹಳೆಯ ಒಡವೆಯಿಂದ ಅಚ್ಚು ತೆಗೆದು ಎರಕ ಹೊಯ್ದರೆ ಮುದ್ರೆಯೂ ಅದರ ಜೊತೆಗೇ ಎರಕವಾಗಿ ಬರುತ್ತದೆ. ಕೊಳ್ಳುವವನು ಅಕ್ಷರ ಓದಿ ಸಮಾಧಾನಪಡುತ್ತಾನೆ. ಭೂತಗನ್ನಡಿಯಲ್ಲಿ ಅಕ್ಷರ ಬಿಟ್ಟು ಅಕ್ಷರದ ಅಂಚನ್ನು ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಉಕ್ಕಿನ ಮುದ್ರೆಯನ್ನು ಸುತ್ತಿಗೆಯಿಂದ ಹೊಡೆದಿದ್ದರೆ ಗುಳಿಯ ಗೋಡೆ ಚೂಪಾಗಿ, ತಳ ಸಮವಾಗಿ ಇರುತ್ತದೆ. ಎರಕದ್ದಾದರೆ ಅಂಚು ಕರಗಿದಂತೆ ದುಂಡಗಾಗಿ, ತಳದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತುಗಳು ಕಾಣುತ್ತವೆ.

ಕೆಲಸ ನೋಡಬೇಕೆನ್ನುವವರಿಗೆ ಲೋಸ್ ಕಾಸ್ತಿಯೊ ಕಾರ್ಯಾಗಾರದ ‘ಮೇತಾಲೆಸ್ ಕಸಾದೋಸ್’ ಒಳ್ಳೆಯ ಪಾಠ. ಬೆಳ್ಳಿ, ತಾಮ್ರ, ಹಿತ್ತಾಳೆಗಳನ್ನು ಒಂದರ ಮೇಲೊಂದು ಕೂರಿಸದೆ, ಗರಗಸದಿಂದ ಕೊಯ್ದು ಒಂದರ ಪಕ್ಕ ಒಂದನ್ನು ಹೊಂದಿಸಿ, ಬೆಸೆದು, ಒಂದೇ ಮಟ್ಟಕ್ಕೆ ಉಜ್ಜುವ ವಿಧಾನ. ಮೂರು ಲೋಹಗಳು ಬಿಸಿಗೆ ಹಿಗ್ಗುವ ಅಳತೆ ಬೇರೆ ಬೇರೆ. ಬೆಂಕಿ ಸ್ವಲ್ಪ ಜಾಸ್ತಿಯಾದರೂ ಜೋಡಣೆ ಬಿರಿಯುತ್ತದೆ. ಚೆನ್ನಾಗಿ ಬಂದದ್ದರ ಮೇಲೆ ಉಗುರಾಡಿಸಿ ನೋಡಿ, ಬಣ್ಣ ಬದಲಾಗುವ ಕಡೆ ಉಗುರಿಗೆ ಗೆರೆಯೇ ಸಿಗುವುದಿಲ್ಲ. ಗಂಡ ಆಂಟೋನಿಯೊ ಕಾಸ್ತಿಯೊನಿಂದ ಬೇರೆಯಾಗಿ 1948ರಲ್ಲಿ ಸ್ವಂತ ಅಂಗಡಿ ತೆರೆದ ಮಾರ್ಗೋ ವಾನ್ ವೂರ್ಹೀಸ್ ಬೆಳ್ಳಿಯ ಮೇಲೆ ಗಾಜಿನ ಪುಡಿಯನ್ನು ಕಾಯಿಸಿ ಕೂರಿಸುವ ಎನಾಮಲ್ ಕೆಲಸಕ್ಕೆ ಹೆಸರಾದಳು. ಹಾವು, ಮೀನುಗಳ ಹುರುಪೆ ಹುರುಪೆಯಲ್ಲೂ ಬಣ್ಣ. ನನಗೆ ಅವು ಕೆಲವೊಮ್ಮೆ ಸಿಂಗಾರ ಅತಿಯಾದಂತೆ ಕಾಣುತ್ತವೆ. ಆದರೆ ಅಷ್ಟು ಸಣ್ಣ ಗುಳಿಗಳಲ್ಲಿ ಬಣ್ಣ ಒಂದಕ್ಕೊಂದು ಹರಿಯದಂತೆ ನಿಲ್ಲಿಸಿದ ಕೈಗೆ ಮಾತ್ರ ನಮಸ್ಕಾರ.

ನನ್ನ ಮತ ಪಿನೇದಾನಿಗೆ. 1919ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಈತ, ಪ್ರವಾಸಿಗಳು ಕೇಳುತ್ತಿದ್ದ ‘ಪ್ರಾಚೀನ ಮೆಕ್ಸಿಕೊ’ದ ಗೊಡವೆಯಿಂದ ಬಹುಮಟ್ಟಿಗೆ ಹೊರಬಂದವನು. ಅವನ ಕೊರಳಪಟ್ಟಿಗಳಲ್ಲಿ ಕೊಂಡಿ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ತಿರುಗಣೆಯ ಕಡ್ಡಿ ವಿನ್ಯಾಸದ ಒಂದು ಗೆರೆಯಾಗಿಯೇ ಸೇರಿಹೋಗಿರುತ್ತದೆ. ಗಟ್ಟಿ ಲೋಹ ಕುತ್ತಿಗೆಯ ಇಳಿಜಾರಿಗೆ ತಕ್ಕಂತೆ ಬಾಗಿ ಕೂರುತ್ತದೆ. ಮೇಜಿನ ಮೇಲಿಟ್ಟಾಗ ಇದು ಗೊತ್ತಾಗುವುದಿಲ್ಲ, ಮೈಮೇಲೆ ಬಂದಾಗಲೇ ಗೊತ್ತಾಗುವುದು. 2008ರಲ್ಲಿ ಲಾಸ್ ಏಂಜಲೀಸಿನ ಫೌಲರ್ ಮ್ಯೂಸಿಯಂ ಅವನ ಕೆಲಸದ್ದೇ ದೊಡ್ಡ ಪ್ರದರ್ಶನ ಮಾಡಿತು. ಅರ್ಹವಾದ ಮರ್ಯಾದೆ, ನಿಜ. ಆದರೆ ಗಾಜಿನ ಪೆಟ್ಟಿಗೆಯೊಳಗಿನ ಕೊಂಡಿ ತೆರೆದು ಮುಚ್ಚುವುದನ್ನು ಯಾರು ನೋಡಿಯಾರು? ದೆಹಲಿಯಲ್ಲಿ 1962ರಿಂದ 1968ರವರೆಗೆ ಮೆಕ್ಸಿಕೊದ ರಾಯಭಾರಿಯಾಗಿದ್ದ ಕವಿ ಆಕ್ತಾವಿಯೊ ಪಾಜ್, ಕೈಕಸುಬಿನ ವಸ್ತುವಿನಲ್ಲಿ ಬಳಕೆ ಮತ್ತು ನೋಟ ಎರಡನ್ನೂ ಬೇರ್ಪಡಿಸಲಾಗದು ಎಂಬರ್ಥದ ಪ್ರಬಂಧ ಬರೆದಿದ್ದಾನೆ. ಲಾಕರಿನಲ್ಲಿ ಒಡವೆ ಪೇರಿಸಿಡುವ ಸಂಗ್ರಾಹಕರು ಓದಬೇಕಾದದ್ದು.

ಈ ಒಡವೆಗಳಲ್ಲಿ ಕಾಣುವ ಮೆಕ್ಸಿಕೊ ಯಾರದ್ದು ಎಂಬ ಪ್ರಶ್ನೆಯೂ ಇದೆ. 1910ರ ಕ್ರಾಂತಿಯ ನಂತರ ಆ ದೇಶ ತನ್ನ ಪ್ರಾಚೀನರನ್ನು ಹೊಸದಾಗಿ ಹೆಮ್ಮೆಯಿಂದ ನೋಡತೊಡಗಿತ್ತು. 1932ರಲ್ಲಿ ಪುರಾತತ್ವಜ್ಞ ಅಲ್ಫೋನ್ಸೊ ಕಾಸೊ ಮಾಂಟೆ ಅಲ್ಬಾನಿನ 7ನೇ ಸಮಾಧಿಯಿಂದ ಮಿಸ್ತೆಕರ ಚಿನ್ನದ ಒಡವೆಗಳನ್ನು ಹೊರತೆಗೆದ. ಸ್ಪ್ರಾಟ್ಲಿಂಗ್ ಹಳೆಯ ಮಣ್ಣಿನ ಮುದ್ರೆಗಳಿಂದ ಗೆರೆಗಳನ್ನು ಎತ್ತಿಕೊಂಡ. ಆದರೆ ಆ ಪ್ರಾಚೀನರು ಎಲ್ಲಕ್ಕಿಂತ ಮೇಲೆ ಇಟ್ಟಿದ್ದು ಹಸಿರು ಜೇಡ್ ಕಲ್ಲನ್ನು, ಬೆಳ್ಳಿಯನ್ನಲ್ಲ. ಅವರ ಗೆರೆಗಳನ್ನು ಬೆಳ್ಳಿಗೆ ತಂದು, ಅಮೆರಿಕದ ಮಹಿಳೆಯರ ಕೋಟಿಗೆ ಸಿಕ್ಕಿಸುವ ಪಿನ್ನು ಮಾಡಿದ್ದು 20ನೇ ಶತಮಾನದ ಹೊಸ ಆವಿಷ್ಕಾರ. ಅದರಲ್ಲಿ ತಪ್ಪೇನಿಲ್ಲ, ಚೆನ್ನಾಗಿಯೇ ಇದೆ. ಅದನ್ನು ಅಸ್ತೆಕರ ಪರಂಪರೆ ಎಂದು ಮಾರಿದಾಗಲೇ ನಗು ಬರುವುದು.

ಇಷ್ಟೆಲ್ಲ ದೂರಿದ ಮೇಲೂ ಈ ಸಂಗ್ರಾಹಕರಿಗೆ ಒಂದು ದೊಡ್ಡ ಋಣ ಸಲ್ಲಬೇಕು. 1980ರ ಜನವರಿಯಲ್ಲಿ ಹಂಟ್ ಸಹೋದರರ ಸಟ್ಟಾದಿಂದ ಬೆಳ್ಳಿ ಔನ್ಸಿಗೆ 50 ಡಾಲರಿನ ಹತ್ತಿರ ಹೋದಾಗ ಅಮೆರಿಕದ ಮನೆಗಳಿಂದ ಹಳೆಯ ಬೆಳ್ಳಿ ಹೊಳೆಯಂತೆ ಕುಲುಮೆಗೆ ಹರಿಯಿತು. ತೂಕಕ್ಕೆ ಹಾಕಿದ ಮೇಲೆ ಯಾರ ವಿನ್ಯಾಸವೂ ಲೆಕ್ಕಕ್ಕಿಲ್ಲ. ನಮಗಿದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಅಜ್ಜಿಯ ಡಾಬು, ಕಾಲ್ಗಡಗಗಳನ್ನು ಮಗಳ ಮದುವೆಗೆಂದು ಅಂಗಡಿಯ ತಕ್ಕಡಿಗೆ ಹಾಕಿ, ವೇಸ್ಟೇಜ್ ಕಳೆದು, ಫಳಫಳ ಹೊಳೆಯುವ ತಟ್ಟೆ ಲೋಟ ತಂದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? 2025ರಲ್ಲಿ ಬೆಳ್ಳಿ 1980ರ ಆ ದಾಖಲೆಯನ್ನೂ ಮೀರಿತು. ಲೋಹದ ಬೆಲೆಗಿಂತ ಹೆಚ್ಚು ಕೊಡುವವರು ಇದ್ದಾರೆ ಎಂಬ ಒಂದೇ ಕಾರಣಕ್ಕೆ ಹೆಸರುಳ್ಳ ಟಾಸ್ಕೊ ಒಡವೆಗಳು ಕುಲುಮೆಯಿಂದ ಪಾರಾಗುತ್ತವೆ. ಹೆಸರಿಲ್ಲದವು ಪಾರಾಗುವುದಿಲ್ಲ. ಮುದ್ರೆಯ ಮೋಹದ ನಿಜವಾದ ನಷ್ಟ ಇಲ್ಲಿದೆ: ಚಿಕ್ಕ ಅಂಗಡಿಯ ಯಾವನೋ ಒಳ್ಳೆಯ ಕೆಲಸಗಾರನ ಕಡಗ, ಬರೀ ‘ಮೆಕ್ಸಿಕೊ ಸಿಲ್ವರ್’ ಎಂದು ಬರೆದಿರುವುದರಿಂದ, ತೂಕಕ್ಕೆ ಹೋಗುತ್ತದೆ.

ಕೊಳ್ಳುವವರಿಗೆ ಎರಡು ಎಚ್ಚರಿಕೆ. ಹಳೆಯ ಟಾಸ್ಕೊ ಕೆಲಸದಲ್ಲಿ ಗೆರೆಗಳ ಗುಳಿಯಲ್ಲಿರುವ ಕಪ್ಪು ಹಲವು ವೇಳೆ ಕೊಳೆಯಲ್ಲ, ಗಂಧಕದ ದ್ರಾವಣದಿಂದ ಬೇಕೆಂದೇ ತಂದ ಬಣ್ಣ. ಬೆಳ್ಳಿ ಅದ್ದಿ ತೆಗೆಯುವ ಔಷಧಿಯಲ್ಲಿ ಮುಳುಗಿಸಿದರೆ ಅದು ತೊಳೆದುಹೋಗಿ ವಿನ್ಯಾಸ ಬೋಳಾಗುತ್ತದೆ. ಎರಡನೆಯದು, ಬೆಳ್ಳಿಯ ಜೊತೆ ಕಂದು ಮಚ್ಚೆಯ ಆಮೆಚಿಪ್ಪು ಕೂರಿಸಿದ ಒಡವೆಗಳು. ಆ ಕಡಲಾಮೆಯ ವ್ಯಾಪಾರ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ನಿಷಿದ್ಧ. ಅಮೆರಿಕದ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡು ಬೆಂಗಳೂರಿಗೆ ಬರುವಾಗ ಚೀಲದಲ್ಲಿ ಹಾಕಿಕೊಂಡರೆ ಕಸ್ಟಮ್ಸಿನವರ ಮುಂದೆ ನಿಲ್ಲಬೇಕಾದೀತು.

ಟಾಸ್ಕೊದಲ್ಲಿ ಗಣಿ ಈಗ ಹೆಸರಿಗೆ ಮಾತ್ರ. 2007ರ ಜುಲೈನಲ್ಲಿ ಶುರುವಾದ ಮುಷ್ಕರ ವರ್ಷಗಟ್ಟಲೆ ಎಳೆಯಿತು. ಕಸುಬು ಮಾತ್ರ ನಿಂತಿಲ್ಲ, ಶನಿವಾರದ ಬೆಳ್ಳಿ ಸಂತೆಯಲ್ಲಿ ರಾಶಿಗಟ್ಟಲೆ ಬಿಕರಿಯಾಗುತ್ತದೆ. ಅದರಲ್ಲಿ ಬಹಳಷ್ಟು ಹಗುರ ತಗಡಿನ ಅವಸರದ ಕೆಲಸ, ಕೆಲವು ನಿಜಕ್ಕೂ ಒಳ್ಳೆಯವು. 1940ರ ಮುದ್ರೆಗೆ ಸಾವಿರಾರು ಡಾಲರ್ ಸುರಿಯುವವರು ಈ ಒಳ್ಳೆಯವುಗಳನ್ನು ಸ್ಮರಣಿಕೆ ಎಂದು ದಾಟಿ ಹೋಗುತ್ತಾರೆ. 1935ರಲ್ಲಿ ಸ್ಪ್ರಾಟ್ಲಿಂಗನ ಅಂಗಡಿಯಿಂದ ಪಿನ್ನು ಕೊಂಡು ಹೋದ ಪ್ರವಾಸಿಯೂ ಸ್ಮರಣಿಕೆಯನ್ನೇ ಕೊಂಡಿದ್ದು.