ತಣ್ಣನೆ ಹೊಗೆಯ ಸುಳ್ಳು

ಮಳೆಗಾಲದಲ್ಲಿ ನಮ್ಮ ಹೆತ್ತೂರು ಕಡೆ ಗಂಟಲು ಕಟ್ಟೋದು ಮಾಮೂಲು. ಆಗ “ಮೆಂಥಾಲ್ ಸಿಗರೇಟು ಸೇದು, ಗಂಟಲಿಗೆ ಹಿತ” ಅನ್ನೋರಿದ್ದಾರೆ. ಈ ಹಿತ ಎಂಥದ್ದು?

ಮೆಂಥಾಲ್ ಪುದೀನ ಜಾತಿಯ ಎಲೆಗಳಲ್ಲಿರೋ ವಸ್ತು. ಅದು ಹೊಗೆಯನ್ನು ತಂಪು ಮಾಡಲ್ಲ, ತಂಪಾಗಿದೆ ಅಂತ ನರಗಳಿಗೆ ಸುಳ್ಳು ಹೇಳುತ್ತೆ ಅಷ್ಟೇ. ಟಾರು, ನಿಕೋಟಿನ್, ಕಾರ್ಬನ್ ಮಾನಾಕ್ಸೈಡ್ ಎಲ್ಲವೂ ಒಳಗೆ ಹೋಗೇ ಹೋಗುತ್ತವೆ. ಹೊಗೆ ಬೇಡ ಅಂತ ದೇಹ ಕೆಮ್ಮಿ ಹೇಳುತ್ತೆ; ಮೆಂಥಾಲ್ ಆ ಕೆಮ್ಮನ್ನೇ ಅಡಗಿಸುತ್ತೆ. ಬಗ್ ಹಾಗೇ ಬಿಟ್ಟು ಎರರ್ ಮೆಸೇಜ್ ಮಾತ್ರ ಅಳಿಸಿದಂತೆ! ಹೊಸ ಹುಡುಗರಿಗೆ ಶುರು ಮಾಡೋದು ಸಲೀಸು, ಬಿಡೋದು ಇನ್ನೂ ಕಷ್ಟ.

ಕೆನಡಾ 2017ರಲ್ಲಿ, ಯುರೋಪ್ ಒಕ್ಕೂಟ 2020ರಲ್ಲಿ ಮೆಂಥಾಲ್ ಸಿಗರೇಟು ನಿಷೇಧಿಸಿದವು. ನಮ್ಮಲ್ಲಿ 2016ರಿಂದ ಪ್ಯಾಕಿನ ಶೇ. 85 ಭಾಗ ಎಚ್ಚರಿಕೆ ಚಿತ್ರಕ್ಕೆ ಮೀಸಲು. ಕೊಳ್ಳುವ ವಯಸ್ಸನ್ನು 21ಕ್ಕೇರಿಸೋ ತಿದ್ದುಪಡಿಗೆ ಕರ್ನಾಟಕ ವಿಧಾನಸಭೆ 2024ರಲ್ಲಿ ಒಪ್ಪಿತು. ಆದರೆ ಮೆಂಥಾಲಿನ ತಂಪನ್ನು ಯಾರೂ ಮುಟ್ಟಲಿಲ್ಲ. ಅಂಗಡೀಲಿ ಒಂದೊಂದೇ ಬಿಡಿಯಾಗಿ ಕೊಳ್ಳೋನಿಗಂತೂ ಪ್ಯಾಕಿನ ಚಿತ್ರವೂ ಕಾಣಲ್ಲ. ಅವನಿಗೆ ಉಳಿದಿದ್ದ ಎಚ್ಚರಿಕೆ ಕೆಮ್ಮೊಂದೇ, ಅದನ್ನೂ ಕಿತ್ತುಕೊಂಡು ಮಾರೋದು ಯಾವ ನ್ಯಾಯ?

ಗಂಟಲು ಕಟ್ಟಿದ್ರೆ ತೋಟದ ಕಾಳುಮೆಣಸು ಕುಟ್ಟಿ ಕಷಾಯ ಕುಡೀರಿ. ಹೊಗೆ ಯಾವತ್ತೂ ಔಷಧಿಯಲ್ಲ.